ಎಡಗೈ ಬೇಸಿಗೆ ಬಲಗೈ ಸಕ್ಕರೆ

ಆಳಂದದ ಸಿದ್ದಲಿಂಗ ಮಾಸ್ತರರ ಬದುಕಿನ ಅಷ್ಟೂ ದುಃಖವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅವರು ಎಡಚರು. ಅದೂ ಪೂರ್ತಿ ಎಡಚರಲ್ಲ. ಪೂರ್ತಿ ಎಡಚರಾಗಲು ಅವರ ತಾಯಿ ಕಸ್ತೂರಿಬಾಯಿ ಬಿಡಲಿಲ್ಲ. ಮಗ ಎಡಗೈಯಲ್ಲಿ ರೊಟ್ಟಿ ಮುರಿದ ದಿನವೇ ಆ ಕೈಯನ್ನು ಹಳೇ ಸೀರೆಯ ಅಂಚಿನಿಂದ ಬೆನ್ನಿಗೆ ಕಟ್ಟಿ, ಬಲಗೈ ಎಂಬ ಸನ್ಮಾರ್ಗಕ್ಕೆ ಅವನನ್ನು ಹಚ್ಚಿಬಿಟ್ಟರು. ಹೀಗಾಗಿ ಮಾಸ್ತರರು ಉಣ್ಣುವುದು ಬಲಗೈಯಲ್ಲಿ, ನರೋಣಾದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವುದು ಬಲಗೈಯಲ್ಲಿ. ತಾಯಿಯ ಕಣ್ಣು ತಪ್ಪಿಸಿ ಉಳಿದುಕೊಂಡ ಎಡಗೈ ಕೆಲಸಗಳು ಎರಡೇ: ಸೊಳ್ಳೆ ಹೊಡೆಯುವುದು ಮತ್ತು ಬೇಸ್ ಗಿಟಾರ್ ಬಾರಿಸುವುದು. (ಸೊಳ್ಳೆಯ ಬಗ್ಗೆ ಕಸ್ತೂರಿಬಾಯಿಯವರ ಆಕ್ಷೇಪವಿಲ್ಲ. ಅದು ಹೇಗೂ ಅಮಂಗಳದ ಕೆಲಸ.)

ಆಳಂದದ ವಚನ ಗಾಯನದ ಮೇಳದಲ್ಲಿ ಮಾಸ್ತರರು ಬೇಸ್ ಬಾರಿಸುತ್ತಾರೆ. ತಗ್ಗು ದನಿಯ ಈ ಬೇಸ್ ಎಂದರೆ ಅಡುಗೆಯ ಉಪ್ಪು. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಎಲ್ಲರೂ ಮುಖ ಸಿಂಡರಿಸುತ್ತಾರೆ. ಮೇಳದಲ್ಲಿ ಹಾಡುವವರಿಗೆ ಶಾಲು, ತಬಲಾದವರಿಗೆ ಹಾರ, ಹಾರ್ಮೋನಿಯಂನವರಿಗೆ ಎರಡು ಮಾತಿನ ಪ್ರಶಂಸೆ. ಮಾಸ್ತರರಿಗೆ ಮಾತ್ರ, "ಸರ, ಜರಾ ಆ ವಾಯರ್ ಬದಿಗಿ ಸರಸ್ರಿ" ಎಂಬ ಗೌರವ. ಇದರ ಮೇಲೆ ಅವರ ವಾದ್ಯ ಬಲಗೈಯವರಿಗೆ ಮಾಡಿದ್ದು. ಅದನ್ನು ತಲೆಕೆಳಗು ಹಿಡಿದು ಬಾರಿಸಬೇಕು. ಮೇಲಿರಬೇಕಾದ ತಂತಿ ಕೆಳಗೆ, ಕೆಳಗಿರಬೇಕಾದ ಗುಂಡಿಗಳು ಮೇಲೆ. ಪ್ರತಿ ಕಾರ್ಯಕ್ರಮದಲ್ಲೂ ಮೊಣಕೈ ತಾಗಿ ಗುಂಡಿ ತಿರುಗಿ, ದನಿ ಸತ್ತುಹೋಗುತ್ತದೆ. ಸತ್ತದ್ದು ಬೇಸ್ ಎಂದು ಮುಖ ಸಿಂಡರಿಸಿದವರಿಗೂ ಗೊತ್ತಾಗುವುದಿಲ್ಲ ಎಂಬುದು ಇನ್ನೂ ದೊಡ್ಡ ಸಂಕಟ.

ಆದ್ದರಿಂದ ಈ ವರ್ಷ ಮಾಸ್ತರರು ಭೀಷ್ಮಪ್ರತಿಜ್ಞೆ ಮಾಡಿದರು. ಅಂದೋಲಾದಲ್ಲಿ ಬಸವ ಜಯಂತಿಯ ದಿನ ಮೇಳದ ಹಾಡಿಕೆ ಇತ್ತು. ಅಷ್ಟರೊಳಗೆ ತಮ್ಮ ಎಡಗೈಗೆಂದೇ ಒಂದು ಬೇಸ್ ಮಾಡಿಸಬೇಕು. ಹುಟ್ಟಿದಾಗಿನಿಂದ ಊರವರ ಕತ್ತರಿ, ಊರವರ ಕುಡುಗೋಲು, ಊರವರ ಕುರ್ಚಿಯ ಹಲಗೆಗೆ ಹೊಂದಿಕೊಂಡದ್ದಾಯಿತು. ಸಾಯುವುದರೊಳಗೆ ಒಂದಾದರೂ ವಸ್ತು ತಮ್ಮ ಕೈಗೆ ಹೊಂದಿಕೊಳ್ಳಲಿ. ಆಸೆ ಇಷ್ಟೇ.

ಪ್ರತಿಜ್ಞೆಗೆ ಅಡ್ಡ ಬಂದದ್ದು ಅವರದೇ ಸ್ವಭಾವ. ಮಾಸ್ತರರಿಗೆ ಇಲ್ಲ ಎನ್ನಲು ಬಾರದು, ಹೂಂ ಎನ್ನಲು ಧೈರ್ಯವಿಲ್ಲ. ಜಾತ್ರೆಯ ಚಂದಾ ಪಟ್ಟಿ ಎತ್ತುವವರು ಬಂದರೂ, ವಿಮೆಯವರು ಬಂದರೂ, ಬೀಗರು ಬಂದರೂ ಅವರ ಹತ್ತಿರ ಒಂದೇ ಬ್ರಹ್ಮಾಸ್ತ್ರ: "ಅವ್ವನ್ನ ಕೇಳಿ ಹೇಳ್ತೇನ್ರಿ." ಕಸ್ತೂರಿಬಾಯಿಯ ಹೆಸರು ಕೇಳಿದ ಕೂಡಲೇ ಬಂದವರು ಚಪ್ಪಲಿ ಹುಡುಕುತ್ತಿದ್ದರು. ಈ ಅಸ್ತ್ರ ಎಂದೂ ಹುಸಿ ಹೋದದ್ದಿಲ್ಲ.

ಮೊದಲು ಅವರು ಮೊಬೈಲಿನಲ್ಲಿ ಹುಡುಕಿ ಬೆಂಗಳೂರಿನ ಒಬ್ಬ ಗಿಟಾರ್ ಮಾಡುವವನನ್ನು ಹಿಡಿದರು. ವಿಡಿಯೋ ಕಾಲಿನಲ್ಲಿ ಬಂದ ಅವನಿಗೆ ತಲೆಯ ಮೇಲೆ ಗಂಟು, ಕೈತುಂಬ ಹಚ್ಚೆ. ಮನೆಯವರೆಲ್ಲ ಮೊಬೈಲಿನ ಸುತ್ತ ಕೂತರು.

"ಸರ್, ನಿಮ್ಮ ಸೌಂಡ್ ಹೇಗಿರಬೇಕು? ವಾರ್ಮ್ ಇರಬೇಕಾ, ಡಾರ್ಕ್ ಇರಬೇಕಾ?"

"ಏನಂತಾನ?" ಎಂದರು ಕಸ್ತೂರಿಬಾಯಿ.

"ಬೆಚ್ಚಗ ಬೇಕೋ, ಕಪ್ಪಗ ಬೇಕೋ ಅಂತ ಕೇಳಾಕತ್ತಾನವ್ವಾ."

"ಚಹಾದಂಗಡಿ ಇಟ್ಟಾನೇನು?"

ಮಾಸ್ತರರು ಧೈರ್ಯ ಮಾಡಿ, "ಜೋರ್ ಇರಬೇಕ್ರಿ" ಎಂದರು. ಆ ಕಡೆಯವನು ಕಣ್ಣು ಮುಚ್ಚಿ ಧ್ಯಾನಸ್ಥನಾಗಿ, ಮರದ ಜೊತೆ ತಾನು ಮಾತಾಡಬೇಕು, ಮರ ಒಪ್ಪಬೇಕು, ಎಲ್ಲ ಸೇರಿ ಎರಡು ವರ್ಷ ಹಿಡಿಯುತ್ತದೆ ಎಂದ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬಂತಾಯಿತು. ಮಾಸ್ತರರು, "ಅವ್ವನ್ನ ಕೇಳಿ ಹೇಳ್ತೇನ್ರಿ" ಎಂದು ಫೋನ್ ಇಟ್ಟರು.

ಎರಡನೆಯವನು ಸೊಲ್ಲಾಪುರದವನು. ಅವನನ್ನು ನೋಡಲು ಮಾಸ್ತರರು ಒಬ್ಬರೇ ಬಸ್ಸು ಹತ್ತಬೇಕೆಂದಿದ್ದರು. ಆದರೆ ಅವರ ಹೆಂಡತಿ ವಿದ್ಯಾವತಿಯ ತಮ್ಮ ಜಗದೇವ ಜೇವರ್ಗಿಯಿಂದ ಜೀಪು ತಂದು ನಿಲ್ಲಿಸಿದ. ಜಗದೇವ ಎತ್ತಿನ ವ್ಯಾಪಾರಿ. ಲೋಕದ ಸಕಲ ವಸ್ತುಗಳನ್ನೂ ಹಲ್ಲು ನೋಡಿ ಅಳೆಯಬಹುದು ಎಂಬುದು ಅವನ ಸಿದ್ಧಾಂತ.

"ಮಾಮಾ, ನಿಮಗ ಮಂದಿ ತಿಳಿಯಂಗಿಲ್ಲ. ಮನಿತನ ನೋಡಬೇಕು, ನಡತಿ ನೋಡಬೇಕು. ಸುಮ್ ಬರ್ರಿ."

ಹೀಗೆ ಅವ್ವ, ಹೆಂಡತಿ, ಭಾವಮೈದುನ ಸಮೇತ ವಧುಪರೀಕ್ಷೆಯ ದಂಡು ಹೊರಟಿತು. ಸೊಲ್ಲಾಪುರದವನು ಮರ್ಯಾದಸ್ಥ. ಅಂಗಡಿ ಅಚ್ಚುಕಟ್ಟು, ಕೆಲಸ ನಯ, ಎಡಗೈಯವರಿಗೆ ಎರಡು ಗಿಟಾರ್ ಮಾಡಿಯೂ ಕೊಟ್ಟಿದ್ದ, ಜಯಂತಿಯೊಳಗೆ ಕೊಡುತ್ತೇನೆ ಎಂದೂ ಹೇಳಿದ. ಮಾಸ್ತರರ ಎದೆ ಹಿಗ್ಗಿತು. ಅಷ್ಟರಲ್ಲಿ ಕಸ್ತೂರಿಬಾಯಿ ತಮಗೆ ಬರುವ ಅರ್ಧ ಮರಾಠಿಯಲ್ಲಿ ಅವನಿಗೆ ಎಷ್ಟು ಜನ ಮಕ್ಕಳೆಂದು ವಿಚಾರಿಸಿದರು. ಮದುವೆಯೇ ಆಗಿಲ್ಲವೆಂದು ಅವನು ನಕ್ಕ. ತಲೆಯಲ್ಲಿ ಅರ್ಧ ಬಿಳಿಗೂದಲಿತ್ತು.

ಕಸ್ತೂರಿಬಾಯಿ ಎದ್ದು ನಿಂತರು. ಜೀಪಿನಲ್ಲಿ ಕೂತ ಮೇಲೆ ತೀರ್ಪು ಹೊರಬಿತ್ತು: "ತನ್ನ ಮನಿ ಕಟ್ಟಿಕೊಳ್ಳದಾಂವ ನಿನ್ನ ವೀಣಾ ಏನ್ ಕಟ್ಟತಾನ?"

"ಅವ್ವಾ, ಅದು ವೀಣಾ ಅಲ್ಲ. ಮತ್ತ ಮದುವಿಗಿ ಅದಕ್ಕ ಏನ್ ಸಂಬಂಧ?"

"ಚಹಾನೂ ಒಂದೇ ಸಲ ಕೇಳಿದ, ಮಾಮಾ," ಎಂದ ಜಗದೇವ ಗಂಭೀರವಾಗಿ. "ಬ್ಯಾಡಂದ್ರ ಸುಮ್ನಾದ. ಅಂಥಾ ಮನಿ ಬ್ಯಾಡ."

ವಿದ್ಯಾವತಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ಮಾಸ್ತರರು ಅಲ್ಲಿಂದ ಆಳಂದದವರೆಗೆ, ತಿರುಗಿ ಹೋಗಿ, "ನೀನೇ ಮಾಡಪ್ಪಾ" ಎಂದು ಹೇಳಿಬರುವ ಗಂಡಸುತನ ತಮಗೆ ಯಾಕಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತ ಕೂತಿದ್ದರು.

ಕೊನೆಗೆ ಉಳಿದವನು ಆಳಂದದವನೇ ಆದ ಬಡಗಿ ಗುಡುಸಾಬ. ಬಾಗಿಲು, ಚೌಕಟ್ಟು, ಮಂಚ, ತೊಟ್ಟಿಲು ಅವನ ಕಲಾಕೃತಿಗಳು. ಬೇಸ್ ಗಿಟಾರ್ ಎಂಬುದನ್ನು ಅವನು ಮಾಸ್ತರರ ಹೆಗಲ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಅದರಿಂದ ಅವನ ಆತ್ಮವಿಶ್ವಾಸಕ್ಕೆ ಕಿಂಚಿತ್ತೂ ಧಕ್ಕೆ ಬರಲಿಲ್ಲ.

"ಅದರಾಗೇನದ್ರಿ ಮಾಸ್ತರ್ರ? ಒಂದು ಹಲಗಿ, ಒಂದು ಕುತ್ತಿಗಿ. ಬೇವಿನ ಕಟ್ಟಿಗಿಲೆ ಮಾಡ್ತೇನಿ, ಹುಳ ಹತ್ತಂಗಿಲ್ಲ. ನಿಮ್ಮ ಮೊಮ್ಮಕ್ಕಳು ಇದರ ಮ್ಯಾಲೆ ನಿಂತು ಕುಣೀಬೇಕು, ಹಂಗ ಗಟ್ಟಿ ಮಾಡ್ತೇನಿ."

"ಕುಣ್ಯಾದು ಬ್ಯಾಡೋ. ಬಾರಸೋದು ಬೇಕು."

"ನಮ್ಮ ಮಂಚ ಮಾಡಿದ್ದು ಇವನೇ ಅಲ್ಲೇನ್ರಿ?" ಎಂದಳು ವಿದ್ಯಾವತಿ. "ಇವತ್ತಿನ ತನಕ ಕಿರ್ ಅಂದಿಲ್ಲ."

"ನನಗ ಸಪ್ಪಳ ಬರೋದು ಬೇಕು ಬೇ! ಸಪ್ಪಳ ಬರದಿರೋದು ಇವನ ಹೆಚ್ಚುಗಾರಿಕಿ!"

ಮಾಸ್ತರರು ಎದ್ದು ಹೋಗಬೇಕು ಎನ್ನುವಷ್ಟರಲ್ಲಿ ಕಸ್ತೂರಿಬಾಯಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಒಂದು ಸಕ್ಕರೆ ಪೊಟ್ಟಣ. ಈ ಕಡೆ ಸಕ್ಕರೆಯೆಂದರೆ ಬರೀ ಸಿಹಿಯಲ್ಲ. ಹೆಣ್ಣು ಗೊತ್ತಾದರೂ ಸಕ್ಕರೆ, ಎತ್ತಿನ ವ್ಯಾಪಾರ ಕುದುರಿದರೂ ಸಕ್ಕರೆ. ಬಾಯಿಗೆ ಬಿದ್ದ ಮೇಲೆ ಮಾತು ಮುಗಿಯಿತು, ಸಕ್ಕರೆ ಇಟ್ಟವರೇ ಆ ಮಾತಿನ ಒಡೆಯರು. ಕಸ್ತೂರಿಬಾಯಿ ಬಲಗೈಯಲ್ಲಿ ಒಂದು ಚಿಟಿಕೆ ತೆಗೆದು ಗುಡುಸಾಬನ ಅಂಗೈಗೆ ಹಾಕಿದರು. ಅವನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ.

ಆ ಚಿಟಿಕೆ ಗಾಳಿಯಲ್ಲಿದ್ದಾಗ ಮಾಸ್ತರರು ತಡೆಯಬಹುದಿತ್ತು. ತಡೆಯಲಿಲ್ಲ. ಸತ್ಯ ಹೇಳಬೇಕೆಂದರೆ ಅವರಿಗೆ ಒಳಗೊಳಗೇ ಹಾಯೆನಿಸಿತ್ತು. ಆರಿಸುವ ಕಷ್ಟ ತಪ್ಪಿತಲ್ಲ! ಕೆಟ್ಟರೆ ಅವ್ವನ ತಲೆಯ ಮೇಲೆ.

ಆದರೂ ತಮ್ಮ ಹಳೆಯ ಬೇಸನ್ನು ಗುಡುಸಾಬನ ಕೈಗಿಟ್ಟು ಕಣ್ಣೊಳಗೆ ಕಣ್ಣಿಟ್ಟು ಹೇಳಿದರು: "ಇದನ್ನ ಕನ್ನಡಿಯೊಳಗ ನೋಡಿದ್ರ ಹೆಂಗ ಕಾಣಸ್ತದ, ಹಂಗ ಮಾಡು. ಇದು ಬಲಗೈದು. ನನಗ ಎಡಗೈದು ಬೇಕು. ತಿಳೀತೇನು?" ಅವನು ತಿಳಿಯಿತೆಂದ. ತಂತಿ, ಅದನ್ನು ಬಿಗಿಯುವ ಕೀಲಿ, ಒಳಗಿನ ವಿದ್ಯುತ್ತಿನ ಸಾಮಾನೆಲ್ಲ ಹಳೆಯದರಿಂದಲೇ ಕಿತ್ತು ಹೊಸದಕ್ಕೆ ಕೂರಿಸುವುದೆಂದೂ, ಆ ಕೆಲಸಕ್ಕೆ ಅಫಜಲಪುರದ ರೇಡಿಯೋ ರಿಪೇರಿ ಜಹೀರುದ್ದೀನನನ್ನು ಕರೆಸುವುದೆಂದೂ ಆಯಿತು. ಅಂದರೆ ಹಿಂದಿನ ಸೇತುವೆ ಮುರಿದೇ ಮುಂದಿನದು ಕಟ್ಟಬೇಕು.

ಆಮೇಲೆ ಗುಡುಸಾಬ ದಿನಾ ಬೆಳಿಗ್ಗೆ ಬರತೊಡಗಿದ. ಸರಿಯಾಗಿ ಮಾಸ್ತರರು ನರೋಣಾದ ಬಸ್ಸಿಗೆ ಓಡುವ ಹೊತ್ತಿಗೆ. ಅಂಚು ಗುಂಡಗಿರಬೇಕೋ ಚಪ್ಪಟೆಯೋ? ಬಣ್ಣ ಹಚ್ಚಲೋ ಎಣ್ಣೆ ಹಚ್ಚಲೋ? ನಮೂನೆ ಏನಾದರೂ ಕೆತ್ತಲೋ? ಮಾಸ್ತರರು ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸ್ತಿಲಲ್ಲಿ ಇಟ್ಟು ಉತ್ತರಿಸಿದರು. ಒಂದು ದಿನ ಅವನು, "ಸರ, ಎಡಕ್ಕ ಅಂದ್ರ ಹೊರಗ ನಿಂತು ನೋಡಿದ್ರ ಎಡಕ್ಕೋ, ಒಳಗ ನಿಂತು ನೋಡಿದ್ರ ಎಡಕ್ಕೋ? ಬಾಗಲಾ ಮಾಡೋ ಮುಂದ ಹಂಗ ಕೇಳ್ತೇವಿ" ಎಂದ.

ಮಾಸ್ತರರ ತಾಳ್ಮೆಯ ತಂತಿ ಹರಿಯಿತು. "ಇದು ಬಾಗಲಾ ಅಲ್ಲೋ ಮಾರಾಯಾ! ಬಸ್ ಹೋಗಾಕತ್ತದ. ಏನ್ ಕೇಳಾದಿದ್ರೂ ಅವ್ವನ್ನ ಕೇಳು!"

ಹೇಳಿದ್ದು ಅವರೇ. ಅವರ ಬಾಯೇ. ಆ ಬ್ರಹ್ಮಾಸ್ತ್ರವೇ. ಬಿಟ್ಟ ಬಾಣ ಒಂದು ಸುತ್ತು ಹಾಕಿ ಎಲ್ಲಿಗೆ ಬರುತ್ತಿದೆಯೆಂದು ನೋಡಲು ಮಾಸ್ತರರು ಅಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಿ ಸೀಟು ಹಿಡಿಯಬೇಕಿತ್ತು.

ಜಯಂತಿಗೆ ಮುಂಚಿನ ಭಾನುವಾರ ಗುಡುಸಾಬ ಹೊಸ ಬಟ್ಟೆ ಹೊದಿಸಿದ ವಾದ್ಯವನ್ನು ತೊಟ್ಟಿಲ ಕೂಸಿನಂತೆ ಎತ್ತಿಕೊಂಡು ಬಂದ. ಹಿಂದೆ ಜಹೀರುದ್ದೀನ. ಜಗದೇವನೂ ಜೇವರ್ಗಿಯಿಂದ ಬಂದಿದ್ದ. ಬಟ್ಟೆ ಸರಿಸಿದರು. ಎಣ್ಣೆ ಕುಡಿದು ಹೊಳೆಯುವ ಬೇವಿನ ಮರ, ನುಣುಪಾದ ಕುತ್ತಿಗೆ, ಮೈಮೇಲೆ ಗೆಜ್ಜೆ ಗಂಟೆ ಸಹಿತ ಕಾಲು ಮಡಿಚಿ ಕೂತ ಬಸವಣ್ಣನ ಕೆತ್ತನೆ. ಜಗದೇವ ಬೆರಳಿಂದ ತಟ್ಟಿ, "ಹಲ್ಲು ಗಟ್ಟಿ ಅವ" ಎಂದ. ಇಷ್ಟು ಚೆಂದದ ವಸ್ತು ತಮಗಾಗಿ ಹುಟ್ಟಬಹುದೆಂದು ಮಾಸ್ತರರು ಎಣಿಸಿರಲಿಲ್ಲ. ಕಣ್ಣು ಒದ್ದೆಯಾಯಿತು. ಎತ್ತಿ ಹೆಗಲಿಗೆ ಹಾಕಿಕೊಂಡರು.

ಹಾಕಿಕೊಂಡು ನೋಡುತ್ತಾರೆ, ಎಡಗೈ ತಂತಿಯ ಮೇಲೆ ಬರಬೇಕಾದ ಜಾಗದಲ್ಲಿ ಕುತ್ತಿಗೆ ಇದೆ.

"ಲೇ ಗುಡುಸಾಬ! ಇದು ಬಲಗೈದು ಆಗ್ಯದಲ್ಲೋ!"

"ಹೌದ್ರಿ. ಅವ್ವಾರು ಹೇಳಿದಂಗ ಮಾಡೇನ್ರಿ."

"ನಾ ಎಡಗೈದು ಅಂದಿದ್ದೆ!"

"ಸಕ್ಕರಿ ಕೊಟ್ಟವರು ಅವ್ವಾರ್ರಿ. ಅವರ ಜಬಾನ್ ಬಿಟ್ಟು ನಿಮ್ಮ ಮಾತು ಕೇಳಿದ್ರ ನಾಳೆ ನನಗ ಯಾರ್ ಬಾಗಲಾ ಮಾಡಸ್ತಾರ? ಮತ್ತ ನೀವೂ ಅವ್ವನ್ನ ಕೇಳು ಅಂದ್ರೆಲ್ಲ?"

ಕಸ್ತೂರಿಬಾಯಿ ಗೋಡೆಗೆ ಒರಗಿ ಶಾಂತವಾಗಿ ಕೂತಿದ್ದರು. "ಬಸವಣ್ಣನ ಜಯಂತಿ ದಿನ ಎಡಗೈಲೆ ಬಾರಸ್ತೀಯೇನು ಸಿದ್ದಾ? ಉಣ್ಣಾಕ ಕಲಿಸಿದೆ, ಬರಿಯಾಕ ಕಲಿಸಿದೆ. ಇದೊಂದು ಉಳದಿತ್ತು. ನಾ ಕಣ್ಣು ಮುಚ್ಚೋದ್ರೊಳಗ ಇದೂ ಆಗಿಬಿಡಲಿ."

ಮಾಸ್ತರರಿಗೆ ನಿಜವಾಗಿಯೂ ಅಳು ಬಂತು. ಬೈಯಬೇಕೆಂದರೆ ಯಾರನ್ನು? ಬಡಗಿ ಮಾತು ಉಳಿಸಿಕೊಂಡಿದ್ದ, ತಾಯಿ ಕರ್ತವ್ಯ ಮುಗಿಸಿದ್ದರು. ಕೊನೆಯ ಆಸೆಯಿಂದ ವಾದ್ಯವನ್ನು ಎಂದಿನಂತೆ ತಲೆಕೆಳಗು ತಿರುಗಿಸಿದರು.

"ಶಿವಶಿವಾ!" ಎಂದು ಕಸ್ತೂರಿಬಾಯಿ ಕಣ್ಣು ಮುಚ್ಚಿಕೊಂಡರು. ಬಸವಣ್ಣ ಬೆನ್ನ ಮೇಲೆ ಬಿದ್ದು ಕಾಲು ಆಕಾಶಕ್ಕೆ ಮಾಡಿದ್ದ.

"ಮಾಮಾ, ಹಂಗ ಬಿದ್ದ ಎತ್ತು ಸಂತ್ಯಾಗ ಯಾರೂ ಕೇಳಂಗಿಲ್ಲ," ಎಂದ ಜಗದೇವ.

ಮಾಸ್ತರರು ವಾದ್ಯವನ್ನು ಮಂಚದ ಮೇಲಿಟ್ಟು (ಆ ಮಂಚ ಆಗಲೂ ಕಿರ್ ಅನ್ನಲಿಲ್ಲ) ಹಿತ್ತಲಿಗೆ ಹೋಗಿ ನಿಂತರು. ಬಲಗೈಯಲ್ಲಿ ಕಲಿಯಲು ಅವರ ವಯಸ್ಸಿಗೆ ಇನ್ನೊಂದು ಜನ್ಮ ಬೇಕು. ಹಳೆಯ ಬೇಸಿನ ಕರುಳು ಕಿತ್ತಾಗಿತ್ತು. ಜಯಂತಿ ಎದುರಿಗೇ ಇತ್ತು. ಕಲ್ಲಿನ ಮೇಲೆ ಕೂತು ಅವರು ತಮ್ಮ ಎಡಗೈಯನ್ನು ಬಹಳ ಹೊತ್ತು ನೋಡಿದರು. ಇದರಷ್ಟು ದಿಕ್ಕಿಲ್ಲದ್ದು ಮೂರು ತಾಲ್ಲೂಕಿನಲ್ಲಿ ಇನ್ನೊಂದಿಲ್ಲವೆನಿಸಿತು.

ಅಷ್ಟರಲ್ಲಿ ಒಳಗಿನ ಸ್ಪೀಕರ್ ಡಬ್ಬಿಯಿಂದ ದುಂ, ದುಂ, ದುದುಂ ಎಂದು ಕೇಳಿಸಿತು. ತುಂಬಿದ, ದುಂಡಗಿನ ದನಿ. ಕೇಳಿದ ಕೂಡಲೇ ಗೊತ್ತಾಯಿತು, ಅದು ಅವರೇ ದಿನಾ ಬಾರಿಸುವ ನಡೆ. ಓಡಿ ಬಂದು ನೋಡಿದರೆ ವಿದ್ಯಾವತಿ ಬೇಸನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ಬಾರಿಸುತ್ತಿದ್ದಾಳೆ. ಅಳತೆ ತೆಗೆದು ಮಾಡಿದಂತೆ ಅದು ಅವಳ ಮಡಿಲಲ್ಲಿ ಕೂತಿದೆ.

"ನಿನಗ ಹೆಂಗ ಬಂತು ಬೇ?"

"ಮದುವ್ಯಾದಾಗಿಂದ ದಿನಾ ಸಂಜಿಕ ರೊಟ್ಟಿ ಬಡಕೋತ ಇದನ್ನೇ ಕೇಳಾಕತ್ತೇನಿ. ನೀವು ಶಾಲಿಗಿ ಹೋದಾಗ ಹಳೇದು ತಗೊಂಡು ಬಾರಸ್ತಿದ್ದೆ. ಅದು ಬಲಗೈದೇ ಇತ್ತಲ್ಲರಿ. ನೀವು ಎರಡನೇ ಸಾಲಿನ್ಯಾಗ ಒಂದು ಏಟು ತಪ್ತೀರಿ, ನೋಡ್ರಿ, ಇಲ್ಲಿ." ಬಾರಿಸಿ ತೋರಿಸಿದಳು. ಖರೆ, ತಪ್ಪುತ್ತಿದ್ದರು.

ಅಂದೋಲಾದಲ್ಲಿ ವಿದ್ಯಾವತಿ ಬಾರಿಸಿದಳು. ಬೇಸ್ ಕೇಳಿ ಜನ ಚಪ್ಪಾಳೆ ತಟ್ಟಿದ್ದು ಮಾಸ್ತರರು ಕಂಡದ್ದು ಅದೇ ಮೊದಲು. ವೇದಿಕೆಗೆ ಕರೆದು ಶಾಲು ಹೊದಿಸಿದರು. ಮಾಸ್ತರರು ಸ್ಪೀಕರ್ ಡಬ್ಬಿಯ ಹಿಂದೆ ಕೂತು ವಾಯರ್ ಸರಿಸುತ್ತಿದ್ದರು. ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಯಾವುದು ಹೆಚ್ಚೆಂದು ಅವರಿಗೇ ಗೊತ್ತಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಘತ್ತರಗಿಯ ಇಬ್ಬರು ಹಿರಿಯರು ಬಂದು ಕೈ ಮುಗಿದರು. "ಮುಂದಿನ ತಿಂಗಳು ನಮ್ಮೂರಾಗ ಹಾಡಿಕಿ ಅದ್ರಿ ಮಾಸ್ತರ್ರ. ಬೇಸ್ ಬಾರಸೋ ಬಾಯಾರು ಬರಬೇಕ್ರಿ."

ಮಾಸ್ತರರ ಬೆನ್ನು ನೆಟ್ಟಗಾಯಿತು. ಏನೇ ಆಗಲಿ, ಮನೆಯ ಯಜಮಾನನನ್ನು ಕೇಳಲೇಬೇಕಲ್ಲ! ಗಂಟಲು ಸರಿಮಾಡಿಕೊಂಡು, ಎಂದೂ ಹುಸಿ ಹೋಗದ ಅಸ್ತ್ರ ತೆಗೆದರು: "ಅವ್ವನ್ನ ಕೇಳಿ ಹೇಳ್ತೇನ್ರಿ."

"ನಿಮಗ ಯಾಕ ತ್ರಾಸ ಅಂತ ಮೊದಲ ಅವರನ್ನೇ ಕೇಳಿ ಬಂದೇವ್ರಿ," ಎಂದರು ಹಿರಿಯರು ತುಟಿಗೆ ಹತ್ತಿದ ಸಕ್ಕರೆ ಒರೆಸಿಕೊಳ್ಳುತ್ತ. "ಈ ಡಬ್ಬಿ ಹೊರಾಕ ನಿಮ್ಮನ್ನ ಕರಕೊಂಡು ಹೋಗ್ರಿ ಅಂದಾರ. ಯಾವ ಕೈಲೆ ಹಿಡಿದ್ರೂ ನಡೀತದಂತ್ರಿ."