ಅಂಗುಲದ ರಾಕ್ಷಸರು ಮತ್ತು ನನ್ನ ಬೆನ್ನುನೋವು

ಬೇರೆಯವರು ಒಂದು ಹವ್ಯಾಸ ಇಟ್ಟುಕೊಂಡರೆ ಅವರಿಗೆ ನೆಮ್ಮದಿ ಸಿಗುತ್ತದೆ. ನನಗೆ ಸಿಗುವುದು ಇಂಥ ಪ್ರಸಂಗಗಳು. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಕೂತಲ್ಲಿಗೇ ಬರುತ್ತವೆ. ಬಂದು, ಆಗಬೇಕಾದ್ದೆಲ್ಲ ಆಗಿ, ನಾನು ಸುಸ್ತಾಗಿ ಕುರ್ಚಿಗೆ ಒರಗಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ.

ನನ್ನ ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಜಯನಗರದ ಒಂದು ಲ್ಯಾಬಿನಲ್ಲಿ ಕೂತು ಕ್ಯಾಪು, ಸೆಟ್ಟು ಮಾಡಿ ಕೊಡುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು. ಈಗ ಯಾರಾದರೂ ನಕ್ಕರೆ ನನಗೆ ಮೊದಲು ಕಾಣುವುದು ಅವರ ಸಂತೋಷವಲ್ಲ, ಹಲ್ಲಿನ ಶೇಡು. ಸಂಜೆ ಬನಶಂಕರಿಯ ಮನೆಗೆ ಬರುವ ಹೊತ್ತಿಗೆ ಬೆನ್ನು ಬೇರೆ, ನಾನು ಬೇರೆ ಆಗಿರುತ್ತೇವೆ. ಇಂಥವನು ಮನೆಗೆ ಬಂದು ಮತ್ತೆ ಬೆನ್ನು ಬಗ್ಗಿಸಿಕೊಂಡು ಅಂಗುಲದೆತ್ತರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಾನೆ ಅಂದರೆ ಅದು ತಾನಾಗಿ ಶುರುವಾದದ್ದಲ್ಲ. ಹಳೆಯದು ತಿರುಗಿ ಬಂದದ್ದು.

ಡಬ್ಬದಲ್ಲಿ ಜನ

ಹೋದ ವರ್ಷ ಯುಗಾದಿಗೆ ಮುಂಚೆ ನನ್ನ ಹೆಂಡತಿ ಅಡುಗೆಮನೆ ಸಜ್ಜ ಕ್ಲೀನ್ ಮಾಡುತ್ತಿದ್ದಳು. ಸ್ಟೂಲಿನ ಮೇಲಿಂದ ಅವಳ ಧ್ವನಿ ಬಂತು.

"ರೀ, ಇಲ್ಲಿ ಬನ್ನಿ. ಈ ಡಬ್ಬದಲ್ಲಿ ಜನ ಇದ್ದಾರೆ."

"ಎಷ್ಟು ಜನ?" ಅಂದೆ, ಪೇಪರ್ ಓದುತ್ತಾ.

"ನಲವತ್ತಾದರೂ ಇರಬಹುದು. ಕೆಲವರಿಗೆ ಬಾಲ ಇದೆ."

ಪೇಪರ್ ಕೆಳಗಿಟ್ಟೆ. ಮದುವೆಗೆ ಮುಂಚೆ, ಬಿಟಿಎಂ ಲೇಔಟಿನಲ್ಲಿ ಇಬ್ಬರು ಗೆಳೆಯರ ಜೊತೆ ರೂಮಿನಲ್ಲಿದ್ದಾಗ ನನಗೆ ಈ ಹುಚ್ಚು ಹಿಡಿದಿತ್ತು. ಕತ್ತಿ ಹಿಡಿದ ಯೋಧರು, ಗಡ್ಡದ ಮಾಂತ್ರಿಕರು, ಕೋರೆಹಲ್ಲಿನ ರಾಕ್ಷಸರು, ಎಲ್ಲ ಹೆಬ್ಬೆರಳಿನ ಗಾತ್ರದವರು. ಬರುವಾಗ ಬರೀ ಬೂದು ಪ್ಲಾಸ್ಟಿಕ್ಕು. ನಾವು ಕೂದಲೆಳೆಯಂಥ ಬ್ರಷ್ಷಿನಲ್ಲಿ ಬಣ್ಣ ಹಚ್ಚಬೇಕು, ಅವರು ನಿಲ್ಲುವುದಕ್ಕೆ ಬೆಟ್ಟ, ಕೋಟೆ, ಹಾಳುಗುಡಿ ಕಟ್ಟಬೇಕು. ಆಮೇಲೆ ದಾಳ ಹಾಕಿ ಯುದ್ಧದ ಆಟ ಆಡುತ್ತಾರೆ. ನನಗೆ ಯುದ್ಧ ಅಷ್ಟಾಗಿ ಬೇಕಿರಲಿಲ್ಲ, ಬಣ್ಣ ಸಾಕಾಗಿತ್ತು. ಮದುವೆಯಾದ ಮೇಲೆ ಎಲ್ಲ ಡಬ್ಬಕ್ಕೆ ಹೋಯಿತು. ಡಬ್ಬ ಸಜ್ಜಕ್ಕೆ ಹೋಯಿತು.

ಇದನ್ನೆಲ್ಲ ಹೇಳಿದೆ. ಅವಳು ಒಂದು ರಾಕ್ಷಸನನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸ್ಟೂಲಿನ ಮೇಲೇ ಕೂತಳು.

"ಹದಿನೆಂಟು ವರ್ಷ ಆಯ್ತು. ನನ್ನ ಹತ್ರ ಯಾವುದನ್ನೂ ಮುಚ್ಚಿಟ್ಟಿಲ್ಲ ಅಂತಿದ್ರಿ."

"ಮುಚ್ಚಿಟ್ಟಿದ್ದಲ್ಲ, ಮರೆತಿದ್ದು."

"ಹಳೇ ಲವ್ ಲೆಟರ್ ಸಿಕ್ಕಿದ್ರೆ ಪರವಾಗಿರಲಿಲ್ಲ ರೀ. ಅಕ್ಕನಿಗೆ ಫೋನ್ ಮಾಡಿ ಅಳಬಹುದಿತ್ತು. ಇದನ್ನ ಯಾರಿಗೆ ಅಂತ ಹೇಳಲಿ?"

ಯಾರ ಕಣ್ಣು?

ಡಬ್ಬ ಕೆಳಗೆ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಹೊಸ ಬ್ರಷ್ ತಂದೆ, ಹೊಸ ಬಣ್ಣ ತಂದೆ, ಬಾಲ್ಕನಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡೆ. ಕೂತೆ. ಆಗ ತಿಳಿದದ್ದು, ಇಪ್ಪತ್ತೆಂಟರಲ್ಲಿ ಇದ್ದ ಕಣ್ಣು ನಲವತ್ತೆಂಟರಲ್ಲಿ ಇಲ್ಲ. ಲ್ಯಾಬಿನಲ್ಲಿ ತಟ್ಟೆಯಗಲದ ಭೂತಗನ್ನಡಿ ಇರುವುದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿದ್ದ ಯುವಕ ಬಹಳ ವಿನಯದವನು. ಅಕ್ಷರದ ಬೋರ್ಡು ತೋರಿಸಿದ, ಗಾಜು ಬದಲಾಯಿಸಿದ, ಮತ್ತೆ ಬೋರ್ಡು ತೋರಿಸಿದ.

"ಸಾರ್, ಪೇಪರ್ ಓದೋಕಾ, ಮೊಬೈಲಿಗಾ?"

"ಎರಡೂ ಅಲ್ಲ. ಕಣ್ಣು ಬಿಡಿಸೋಕೆ."

"ಯಾರ ಕಣ್ಣು ಸಾರ್?"

ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನ್ನಿಸಿತು. ಇದೇ ಪ್ರಶ್ನೆ ಬರಬಹುದೆಂದು ಜೇಬಿನಲ್ಲಿ ಒಬ್ಬ ಯೋಧನನ್ನು ಇಟ್ಟುಕೊಂಡೇ ಹೋಗಿದ್ದೆ. ತೆಗೆದು ಮೇಜಿನ ಮೇಲೆ ನಿಲ್ಲಿಸಿದೆ. ಮೂರು ಸಂಜೆ ಕೂತು ಅವನ ಮುಖ ಮುಗಿಸಿದ್ದೆ. ಆ ಯುವಕ ತನ್ನ ಸಣ್ಣ ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನಾನು ಹೊಗಳಿಕೆ ಕೇಳಲು ಸಿದ್ಧನಾಗಿ ಸ್ವಲ್ಪ ನೆಟ್ಟಗೆ ಕೂತೆ.

ಅವನು ತಲೆಯೆತ್ತಿ ಮೆಲ್ಲಗೆ ಹೇಳಿದ: "ಸಾರ್, ಇವರಿಗೆ ಮೆಳ್ಳೆಗಣ್ಣಿದೆ. ಕನ್ನಡಕ ನಿಮಗೊಂದೇ ಸಾಕಾ?"

ಬಿ.ಪಿ.

ಇದು ಚಿಕ್ಕದು. ಗಿರಿನಗರದಲ್ಲಿ ನಮ್ಮ ಡಾಕ್ಟರು ಒಬ್ಬರಿದ್ದಾರೆ. ನನ್ನ ಬಿ.ಪಿ. ನೋಡಿ, "ಮನಸ್ಸಿಗೆ ಹಗುರ ಆಗೋ ಅಂಥ ಹವ್ಯಾಸ ಏನಾದ್ರೂ ಇದೆಯಾ?" ಅಂದರು.

"ಇದೆ ಸಾರ್, ಪೇಂಟಿಂಗ್."

"ಬಹಳ ಒಳ್ಳೇದು. ದಿನಾ ಮಾಡಿ."

ದಿನಾ ಮಾಡಿದೆ. ತಿಂಗಳು ಬಿಟ್ಟು ಹೋದರೆ ಬಿ.ಪಿ. ಇನ್ನೂ ಮೇಲೆ ಹೋಗಿತ್ತು. ಡಾಕ್ಟರಿಗೆ ಅನುಮಾನ ಬಂತು. "ಏನು ಪೇಂಟ್ ಮಾಡ್ತೀರಿ, ಸರಿಯಾಗಿ ಹೇಳಿ." ಹೇಳಿದೆ. ಸಾಸಿವೆಗಿಂತ ಸಣ್ಣ ಕಣ್ಣು, ಕೈ ಅಲ್ಲಾಡಬಾರದು, ಅದಕ್ಕೆ ಉಸಿರು ಕಟ್ಟಿ ಹಿಡಿಯಬೇಕು. ಒಂದು ಕಣ್ಣು ಸರಿಯಾಗಿ ಬಂದರೂ ಇನ್ನೊಂದು ಅದಕ್ಕೆ ಜೋಡಿಯಾಗುವುದಿಲ್ಲ. ಆಗ ಎರಡನ್ನೂ ಒರೆಸಿ, ಬೈದುಕೊಂಡು, ಮೊದಲಿಂದ.

ಡಾಕ್ಟರು ಪೆನ್ನು ಮುಚ್ಚಿಟ್ಟರು. "ಮಾತ್ರೆ ದಿನಾ ತಗೊಳ್ಳಿ. ಕಣ್ಣು ವಾರಕ್ಕೆ ಒಂದು ಸಾಕು. ಅದೂ ಊಟ ಆದ ಮೇಲೆ."

ಹಸಿ ಕಸ, ಒಣ ಕಸ

ಗೊಂಬೆಗಳಾದ ಮೇಲೆ ಅವಕ್ಕೆ ಊರು ಬೇಡವೇ? ಕೋಟೆ ಕಟ್ಟಲು ಶುರು ಮಾಡಿದೆ. ಫ್ರಿಜ್ಜಿನ ಜೊತೆ ಬಂದಿದ್ದ ಥರ್ಮಾಕೋಲಿನಲ್ಲಿ ಗೋಡೆ ಕೊರೆದೆ. ಐಸ್‌ಕ್ರೀಂ ಕಡ್ಡಿಯ ಬಾಗಿಲು. ಎಳನೀರು ಬುರುಡೆಯ ನಾರು ತೆಗೆದು ಹುಲ್ಲು. ಸೋಸಿ ಬಿಸಿಲಲ್ಲಿ ಒಣಗಿಸಿದ ಟೀ ಪುಡಿಯೇ ಮಣ್ಣು. ಇದನ್ನು ಕಡಿಮೆ ಅಂದುಕೊಳ್ಳಬೇಡಿ, ಟೀ ಪುಡಿಯಷ್ಟು ಚೆನ್ನಾಗಿ ಮಣ್ಣು ಕೂಡ ಮಣ್ಣಿನ ಥರ ಕಾಣುವುದಿಲ್ಲ. ಕರಿಬೇವಿನ ಕಡ್ಡಿಗಳು ಒಣಮರಗಳಾದವು. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು.

ನಮ್ಮ ಜೊತೆ ನನ್ನ ಅಮ್ಮ ಇದ್ದಾರೆ. ಅವರಿಗೆ ಮನೆಯಲ್ಲಿ ರಾಕ್ಷಸರು ಇರುವುದೇ ಇಷ್ಟವಿಲ್ಲ. ಒಂದು ಬೆಳಗ್ಗೆ ನಾನು ಅರ್ಧ ಶೇವ್ ಮಾಡಿಕೊಂಡು ಬಾಲ್ಕನಿಗೆ ಬಂದರೆ ಕೋಟೆ ಇಲ್ಲ.

"ಅಮ್ಮಾ, ಇಲ್ಲಿದ್ದ ಕೋಟೆ?"

"ಕೋಟೆನಾ? ಅಲ್ಲೊಂದು ಕಸದ ರಾಶಿ ಇತ್ತು. ಈಗ ತಾನೇ ಆಟೋಗೆ ಕೊಟ್ಟು ಬಂದೆ."

ಒಂದು ಕೆನ್ನೆಯಲ್ಲಿ ನೊರೆ, ಮೈಮೇಲೆ ಬನಿಯನ್ನು. ಹಾಗೇ ಮೆಟ್ಟಿಲಿಳಿದು ಓಡಿದೆ. ಕಸದ ಆಟೋ ಮುಂದಿನ ಕ್ರಾಸಿನಲ್ಲಿ ನಿಂತಿತ್ತು. ಕಸ ತೆಗೆದುಕೊಳ್ಳುವ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಕೋಟೆಯನ್ನು ದಿಟ್ಟಿಸುತ್ತಿದ್ದರು. ಕೋಟೆ ಫುಟ್‌ಪಾತಿನ ಮೇಲಿತ್ತು. ಒಂದು ಬುರುಜೂ ಮುರಿದಿರಲಿಲ್ಲ. ಬೀದಿಯಲ್ಲಾದರೂ ನನ್ನ ಕೆಲಸಕ್ಕೆ ಬೆಲೆ ಸಿಕ್ಕಿತಲ್ಲ ಎಂದು ಎದೆ ತುಂಬಿ ಬಂತು.

"ಇದು ನಿಮ್ದಾ ಸಾರ್?"

"ಹೌದಕ್ಕ. ನಾನೇ ಮಾಡಿದ್ದು."

"ಒಪ್ಕೊಂಡ್ರಲ್ಲ, ಅಷ್ಟೇ ಸಾಕು. ಥರ್ಮಾಕೋಲು ಒಣ ಕಸ. ಟೀ ಪುಡಿ ಹಸಿ ಕಸ. ಎಳನೀರು ಬುರುಡೆ ಬೇರೆ ಕೊಡಬೇಕು. ದಿನಾ ಬಾಯಿ ನೋಯೋ ಹಂಗೆ ಹೇಳ್ತೀವಿ. ಆದ್ರೂ ನೀವು..."

"ಅಕ್ಕ, ಅದು..."

"ಎಲ್ಲಾ ಮಿಕ್ಸ್ ಮಾಡಿ ಕೊಡೋರನ್ನ ನೋಡಿದೀನಿ ಸಾರ್. ನಾವು ಬಿಡಿಸಬಾರದು ಅಂತ ಗಮ್ ಹಾಕಿ ಅಂಟಿಸಿ ಕೊಡೋರನ್ನ ಇವತ್ತೇ ನೋಡಿದ್ದು!"

ಶೇಡು

ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ ಭೂತಗನ್ನಡಿ ಖಾಲಿ ಇರುತ್ತದಲ್ಲ, ಅದಕ್ಕೆ ಒಂದು ದಿನ ರಾಕ್ಷಸನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ಕೋರೆಹಲ್ಲು ಬಣ್ಣ ಹಚ್ಚುವುದು ಬಾಕಿ ಇತ್ತು. ಹಲ್ಲೇ ನನ್ನ ಕಸುಬು, ಆದ್ದರಿಂದ ಮನಸ್ಸಿಟ್ಟು ಮಾಡಿದೆ. ಬುಡದಲ್ಲಿ ಸ್ವಲ್ಪ ಕಂದು, ನಡುವೆ ಮಾಸಿದ ಹಳದಿ, ತುದಿಯಲ್ಲಿ ಎಲುಬಿನ ಬಿಳಿ. ಒಣಗಲೆಂದು ಹಲ್ಲು ಕಳಿಸುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟೆ. ತಪ್ಪು ಅಲ್ಲೇ ಆಯಿತು.

ಸಂಜೆ ಜೆ.ಪಿ. ನಗರದ ಒಂದು ಕ್ಲಿನಿಕ್ಕಿನಿಂದ ಫೋನು. ಲೇಡಿ ಡಾಕ್ಟರು. ಧ್ವನಿ ಬಹಳ ಶಾಂತವಾಗಿತ್ತು. ನನಗೆ ಭಯವಾಗಿದ್ದು ಅದಕ್ಕೇ.

"ಪೇಷಂಟ್ ಚೇರ್ ಮೇಲಿದ್ದಾರೆ. ನೀವು ಕಳಿಸಿದ ಡಬ್ಬಿ ತೆಗೆದೆ. ಹಲ್ಲು ಬಂದಿದೆ."

"ಹೌದಾ ಮೇಡಂ?"

"ಹಲ್ಲಿನ ಜೊತೆ ಒಬ್ಬ ಮನುಷ್ಯನೂ ಬಂದಿದ್ದಾನೆ. ಕೈಯಲ್ಲಿ ಕೊಡಲಿ ಇದೆ."

ಡಬ್ಬಿ ಅದಲುಬದಲಾಗಿ ಅಸಲಿ ಕ್ಯಾಪು ನನ್ನ ಮೇಜಿನ ಮೇಲೇ ಉಳಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಸಿಗ್ನಲ್ಲುಗಳು, ಪ್ರತಿ ಸಿಗ್ನಲ್ಲಿನಲ್ಲೂ ನಾನು ಕೆಲಸ ಕಳೆದುಕೊಳ್ಳುತ್ತಾ ಹೋದೆ. ಕ್ಲಿನಿಕ್ಕಿಗೆ ಹೋದರೆ ಪೇಷಂಟು ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು. ಕುರ್ಚಿಯಲ್ಲಿ ಮಲಗಿಕೊಂಡೇ ರಾಕ್ಷಸನನ್ನು ಮೇಲಿನ ಲೈಟಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದರು.

"ನೀವೇನಾ ಇದನ್ನ ಮಾಡಿದ್ದು?"

"ಹೌದು ಸಾರ್. ತಪ್ಪಾಯ್ತು."

"ತಪ್ಪಿರಲಿ. ಎಲ್ಲಿ, ನನ್ನ ಹಲ್ಲು ಕೊಡಿ, ನೋಡೋಣ."

ಕ್ಯಾಪು ತೆಗೆದು ಕೊಟ್ಟೆ. ಅವರು ಒಂದು ಕೈಯಲ್ಲಿ ಅದನ್ನು, ಇನ್ನೊಂದು ಕೈಯಲ್ಲಿ ರಾಕ್ಷಸನನ್ನು ಹಿಡಿದು ಹೋಲಿಸಿದರು. ನಾನು ಐದನೇ ಕ್ಲಾಸಿನ ಹುಡುಗನ ಹಾಗೆ ಕೈಕಟ್ಟಿ ನಿಂತೆ.

"ಇವನಿಗೆ ವಯಸ್ಸಿಗೆ ತಕ್ಕ ಹಾಗೆ ಎಷ್ಟು ಚೆನ್ನಾಗಿ ಹಳದಿ ಕೊಟ್ಟಿದ್ದೀರಿ. ನನಗ್ಯಾಕ್ರೀ ಬಾತ್‌ರೂಂ ಟೈಲ್ಸ್ ಹಾಕಿದ್ದೀರಿ?"

ಮಾರನೇ ದಿನ ಕ್ಯಾಪು ಲ್ಯಾಬಿಗೆ ವಾಪಸ್ ಬಂತು. ಚೀಟಿಯಲ್ಲಿ ಶೇಡ್ ನಂಬರ್ ಬರೆಯುವ ಜಾಗದಲ್ಲಿ ಡಾಕ್ಟರು ನೀಟಾಗಿ ಬರೆದಿದ್ದರು: "ರಾಕ್ಷಸನದೇ ಇರಲಿ."

ಒಂಬತ್ತು ದಿನ

ಇಷ್ಟೆಲ್ಲ ಆದರೂ ಒಂದು ಕೊರಗು ಉಳಿದಿತ್ತು. ನನ್ನ ಬಣ್ಣ ಚೆನ್ನಾಗಿದೆ ಅಂತ ಮನೆಯಲ್ಲಿ ಒಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೆಂಡತಿ "ಮುಗೀತಾ?" ಅನ್ನುತ್ತಾಳೆ. ಅಮ್ಮ ಮುಖ ತಿರುಗಿಸುತ್ತಾರೆ.

ಆ ವರ್ಷ ನಾನು ಒಬ್ಬ ದೈತ್ಯನನ್ನು ಹಿಡಿದುಕೊಂಡಿದ್ದೆ. ಬೇರೆಯವರ ಹಾಗೆ ಅಂಗುಲದವನಲ್ಲ, ಗೇಣುದ್ದದ ಆಸಾಮಿ. ಆರು ವಾರ ಅವನ ಮುಖಕ್ಕೇ ಹೋಯಿತು. ಕೋಪ ತರುವುದು ಸುಲಭ, ನನಗೆ ಬೇಕಾಗಿದ್ದದ್ದು ಸುಸ್ತು. ಯುದ್ಧ ಮಾಡಿ ಮಾಡಿ ಬೇಸತ್ತು, ಇನ್ನು ಮನೆಗೆ ಹೋದರೆ ಸಾಕಪ್ಪ ಅನ್ನುವ ಮುಖ. ಹಸಿರು ಚರ್ಮ, ಜೋತ ಕೆನ್ನೆ, ಕಣ್ಣ ಕೆಳಗೆ ನೇರಳೆ ಬೆರೆತ ಬೂದು. ಮುಗಿಸಿ ನೋಡಿದರೆ ನನಗೇ ಅವನ ಮೇಲೆ ಮರುಕ ಬಂತು.

ನವರಾತ್ರಿ ಬಂತು. ಅಮ್ಮ ಗೊಂಬೆ ಕೂರಿಸಲು ಪೆಟ್ಟಿಗೆ ತೆಗೆದರು. ರಾಜ-ರಾಣಿಯ ಪಟ್ಟದ ಗೊಂಬೆ ಚೆನ್ನಾಗಿತ್ತು, ಚಾಮುಂಡಿ ಚೆನ್ನಾಗಿದ್ದಳು, ಮಹಿಷಾಸುರ ಮಾತ್ರ ಹಳೇ ಪಂಚೆಯ ಸುತ್ತಿನಿಂದ ಮೂರು ತುಂಡಾಗಿ ಹೊರಗೆ ಬಂದ. ಅಮ್ಮ ಸ್ವಲ್ಪ ಹೊತ್ತು ತುಂಡುಗಳನ್ನು ನೋಡುತ್ತಾ ಕೂತರು. ಆಮೇಲೆ ಎದ್ದು ಬಾಲ್ಕನಿಗೆ ಬಂದು, ನನ್ನ ಕಡೆ ನೋಡದೆ, ಕುಂಡದಲ್ಲಿದ್ದ ತುಳಸಿಯನ್ನು ನೋಡುತ್ತಾ ಕೇಳಿದರು:

"ನಿನ್ನ ಹತ್ರ ಸ್ಪೇರ್ ಯಾರಾದ್ರೂ ಇದ್ದಾನೇನೋ?"

ಹೀಗೆ ನನ್ನ ದೈತ್ಯ ತ್ರಿಶೂಲದ ಕೆಳಗೆ ಹೋಗಿ ನಿಂತ. ನಾನು ಸಂಜೆ ಬೇಗ ಬಂದು, ಪ್ಯಾಂಟು ಇಸ್ತ್ರಿ ಮಾಡಿಕೊಂಡು, ಹಾಲ್‌ನಲ್ಲೇ ಸುಳಿದಾಡುತ್ತಿದ್ದೆ. ಬಂದವರೆಲ್ಲ ದೇವಿಯ ಸೀರೆ ನೋಡಿದರು, ಪಟ್ಟದ ಗೊಂಬೆಯ ಸರ ನೋಡಿದರು, ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪು ತಿಂದರು, ಹೊರಟರು. ನಾಲ್ಕನೇ ದಿನ ಎದುರುಮನೆಯ ಸಂಗೀತದ ಟೀಚರು ಒಬ್ಬರು ದೈತ್ಯನ ಮುಂದೆ ನಿಂತರು. ನಾನು ಹತ್ತಿರ ಸರಿದೆ.

"ಮಹಿಷ ಅಂದ್ರೆ ಕೋಣ ಅಲ್ವಾ? ಇದಕ್ಕೆ ಕೊಂಬೇ ಇಲ್ವಲ್ಲ."

ಅಮ್ಮ ಕಣ್ಣು ಕೂಡ ಪಿಳುಕಿಸಲಿಲ್ಲ. "ಯುದ್ಧ ಮಾಡ್ತಾ ಮಾಡ್ತಾ ಅವನು ರೂಪ ಬದಲಾಯಿಸ್ತಿದ್ದ. ಇದು ಮಧ್ಯದ್ದು."

"ಹಸಿರು ಯಾಕೆ?"

"ದೇವಿನ ನೋಡಿ ಹೆದರಿ."

ಮಿಕ್ಕ ದಿನ ಕೇಳಿದವರಿಗೆಲ್ಲ ಅಮ್ಮ ಇದನ್ನೇ ಹೇಳಿ ನನ್ನ ದೈತ್ಯನನ್ನು ಕಾಪಾಡಿದರು. ಬಣ್ಣದ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ.

ಕೊನೆಯ ದಿನ ನಮ್ಮ ಮನೆ ಓನರ್ ಅವರ ತಾಯಿ ಬಂದರು. ಎಂಬತ್ತು ದಾಟಿದವರು. ನಮ್ಮ ಬಿಲ್ಡಿಂಗ್ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಹಿಂದಿನ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. "ಈಗ ಎಲ್ಲಾ ಸಪಷ್ಟ ಕಾಣ್ತದೆ ತಾಯಿ" ಅನ್ನುತ್ತಾ ಒಂದೊಂದೇ ಮೆಟ್ಟಿಲ ಗೊಂಬೆಯನ್ನು ನಿಧಾನವಾಗಿ ನೋಡಿಕೊಂಡು ಬಂದರು. ಸೀರೆಯನ್ನು ದಾಟಿದರು, ಸರವನ್ನು ದಾಟಿದರು. ದೈತ್ಯನ ಮುಂದೆ ನಿಂತುಬಿಟ್ಟರು. ಬಗ್ಗಿ, ಅವನ ಮುಖವನ್ನೇ ನೋಡಿದರು. ಇಷ್ಟು ದಿನದಲ್ಲಿ ಆ ಮುಖವನ್ನು ಯಾರೂ ಹಾಗೆ ನೋಡಿರಲಿಲ್ಲ. ನಾನು ಚರ್ಪಿನ ತಟ್ಟೆ ಹಿಡಿದುಕೊಂಡೇ ಇನ್ನೊಂದು ಹೆಜ್ಜೆ ಹತ್ತಿರ ಸರಿದೆ.

ಅಜ್ಜಿ ಅಮ್ಮನ ಕಡೆ ತಿರುಗಿದರು. ಮುಖದ ತುಂಬ ಸಂತೋಷ.

"ಅಯ್ಯೋ, ನಿಮ್ ಮಗನ್ದೂ ಗೊಂಬೆ ಮಾಡ್ಸಿ ಇಟ್ಟಿದೀರಾ! ಎಷ್ಟ್ ಚೆಂದಾಗ್ ಬಂದೈತೆ. ಥೇಟು ಅವ್ರೇಯ!"

ಹಾಲ್‌ನಲ್ಲಿ ಏಳೆಂಟು ಜನ ಹೆಂಗಸರಿದ್ದರು. ಎಲ್ಲರೂ ದೈತ್ಯನನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ದೈತ್ಯನನ್ನು ನೋಡಿದರು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು, ಒಳಗೆ ಏನೋ ಪಾತ್ರೆ ಬಿತ್ತು. ನಾನು ಅಮ್ಮನ ಕಡೆ ನೋಡಿದೆ. ಇಷ್ಟು ದಿನ ಕಾಪಾಡಿದವರು, ಈಗಲೂ ಏನಾದರೂ ಹೇಳುತ್ತಾರೆ ಅಂತ.

ಅಮ್ಮ ಸೊಂಟದಲ್ಲಿದ್ದ ಕನ್ನಡಕ ತೆಗೆದು ಹಾಕಿಕೊಂಡರು. ಮೊದಲನೇ ಸಲ ದೈತ್ಯನ ಹತ್ತಿರ ಹೋಗಿ ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾದ ಮೆಚ್ಚುಗೆಯಿಂದ ಹೇಳಿದರು:

"ಹೌದು ಕಣೋ. ಕಣ್ಣ ಕೆಳಗಿನ ಊತ ಕೂಡ ಹಾಗೇ ಬಂದಿದೆ. ಪರವಾಗಿಲ್ವೇ, ಬಣ್ಣ ಚೆನ್ನಾಗಿ ಹಚ್ತೀಯ!"