ಎಳೆಯ ಪೊರೆ

ಎಲೆಯನ್ನು ಅರ್ಧ ಹೊಲಿದಾದ ಮೇಲೆ ಮೆತುವಾಗೆ ಗೊತ್ತಾಯಿತು, ದಾರ ನೀಲಿ. ಮೂರು ತಿಂಗಳಿಂದ ಹಸಿರೆಂದೇ ತಿಳಿದು ಕೌದಿಯ ತುಂಬ ದೀವಿಹಲಸಿನ ಎಲೆ ಹೊಲಿಯುತ್ತ ಬಂದಿದ್ದಳು. ಅವತ್ತು ಬೆಳಿಗ್ಗೆ ಬಲಗಣ್ಣಿನ ಪಟ್ಟಿ ಬಿಚ್ಚಿದ್ದರು. ಪೊರೆ ತೆಗೆದ ಹೊಸ ಕಣ್ಣಿಗೆ ಕೌದಿಯ ಮೇಲಿನ ಮರಕ್ಕೆ ಮರವೇ ಸಮುದ್ರದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು.

"ಒಬ್ರಾದ್ರೂ ಹೇಳಬಾರದಿತ್ತೇನ್ರೇ?" ಎಂದಳು.

ಕೌದಿಯ ಎದುರು ಮೂಲೆ ಹಿಡಿದಿದ್ದ ಪಕ್ಕದ ಮನೆಯ ವೈನೆ ತಲೆ ಎತ್ತಲಿಲ್ಲ. "ನೀನೇನೋ ಹೊಸ ಫ್ಯಾಷನ್ ಮಾಡ್ತಿದೀಯ ಅಂದ್ಕೊಂಡ್ವಿ."

"ಕೇಳೋಕೆ ಧೈರ್ಯ ಬೇಕಲ್ಲ ತಾಯಿ," ಎಂದು ಪಾದ್ರಿಯ ಹೆಂಡತಿ ಮಿರಿಯಾಮಾ ದಾರವನ್ನು ಹಲ್ಲಿನಿಂದ ಕಚ್ಚಿದಳು. "ಸೂಜಿ ಹಿಡಿದಾಗ ನಿನ್ನ ಮುಖ ಈಟಿ ಹಿಡಿದವರ ಥರ ಇರತ್ತೆ. ಹೋಗ್ಲಿ, ಇನ್ನೊಂದು ಕಣ್ಣಿಗೆ ಏನಂದ್ರು?"

ನ್ಯೂಜಿಲೆಂಡಿನಿಂದ ವರ್ಷಕ್ಕೊಮ್ಮೆ ವಿಮಾನದಲ್ಲಿ ಬಂದಿಳಿಯುವ ಕಣ್ಣಿನ ತಂಡಕ್ಕೆ ನಾಳೆಯೇ ಕೊನೆಯ ದಿನ. ಎಡಗಣ್ಣಿನಲ್ಲೂ ಪೊರೆ ಇದೆ, ಆದರೆ ಎಳೆಯದು, ನಾಳೆ ತೆಗೆಸಬಹುದು, ಮುಂದಿನ ವರ್ಷಕ್ಕೆ ಬಿಟ್ಟರೂ ನಡೆಯುತ್ತದೆ, ನೀವೇ ಯೋಚಿಸಿ ಹೇಳಿ ಎಂದಿದ್ದಳು ಡಾಕ್ಟರಮ್ಮ. ಈ ದ್ವೀಪದಲ್ಲಿ 'ನೀವೇ' ಎಂದರೆ ಊರೆಲ್ಲ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ.

"ತೆಗೆಸಿಬಿಡು," ಎಂದಳು ಮಿರಿಯಾಮಾ.

"ಬೇಡ," ಎಂದಳು ವೈನೆ. "ಎಳೆ ಕಾಯಿ ಯಾರಾದ್ರೂ ಕೀಳ್ತಾರಾ?"

ಮೆತುವಾ ನೀಲಿ ಎಲೆಯ ಹೊಲಿಗೆ ಬಿಚ್ಚತೊಡಗಿದಳು. ಅವಳ ಚಿಂತೆ ಕಣ್ಣಿನದಲ್ಲ, ಗಂಡನದು. ತಂಗಾರೋವಾ ಸತ್ತು ಎರಡು ವರ್ಷ. ಊರಿನ ಎಲ್ಲ ಮನೆಗಳ ಸತ್ತವರಂತೆ ಅವನೂ ಅಂಗಳದಲ್ಲೇ, ತಗಡಿನ ಚಾವಣಿಯ ಬಿಳಿ ಗೋರಿಯಲ್ಲಿ ಮಲಗಿದ್ದ. ಆದರೆ ಸಂಜೆಯಾದರೆ ಎದ್ದು ಗೋರಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಅವಳ ಮಂಜುಗಣ್ಣಿಗೆ ಕಾಣುತ್ತಿದ್ದುದು ಬೆಳ್ಳನೆಯ ಒಂದು ಮಸುಕು, ಅವಳ ಕಡೆ ತಿರುಗಿದ ದುಂಡನೆಯ ಮುಖ, ಅರ್ಧ ಎತ್ತಿದ ಒಂದು ಕೈ. ಅವಳು ಜಗಲಿಯಲ್ಲಿ ಕೆಸುವಿನ ಗೆಡ್ಡೆ ಸುಲಿಯುತ್ತ ದಿನದ ಸುದ್ದಿಯನ್ನೆಲ್ಲ ಹೇಳುವಳು. ಬದುಕಿದ್ದಾಗ ದೋಣಿ, ಬಲೆ ಎಂದು ಒಂದು ದಿನವೂ ಹೀಗೆ ಕೂತು ಕೇಳಿದವನಲ್ಲ. ಸತ್ತ ಮೇಲೆ ಗಂಡ ಒಳ್ಳೆಯವನಾಗಿದ್ದ.

ಇದನ್ನು ಅವಳು ಮಿರಿಯಾಮಾಗೆ ಹೇಳಿದ್ದೇ ತಪ್ಪಾಯಿತು. ಅವನನ್ನು ಮಣ್ಣು ಮಾಡಿಸಿದ್ದು ಮಿರಿಯಾಮಾಳ ಗಂಡ. ಪಾದ್ರಿ ಕಳಿಸಿಕೊಟ್ಟ ಹೆಣ ವಾಪಸು ಬಂದರೆ ಪಾದ್ರಿಯ ಮರ್ಯಾದೆ ಏನಾಗಬೇಕು? "ಅದು ನಿನ್ನ ಗಂಡ ಅಲ್ಲ, ಪೊರೆ," ಎಂದು ಅವಳು ತೀರ್ಪು ಕೊಟ್ಟಿದ್ದಳು. ನಿನ್ನೆ ಬಲಗಣ್ಣಿಗೆ ಪಟ್ಟಿ ಇದ್ದಾಗಲೂ ಎಡಗಣ್ಣಿಗೆ ಅವನು ಕಂಡಿದ್ದ. ಇವತ್ತು ಹೊಸ ಕಣ್ಣಿಗೆ ಕಾಣದಿದ್ದರೆ ಅವನು ನಿಜಕ್ಕೂ ಪೊರೆಯೇ. ಆಗ ಎರಡನೆಯ ಕಣ್ಣು ಮಾಡಿಸುವುದೆಂದರೆ ಅವನನ್ನು ಕೈಯಾರೆ ಆಚೆ ಅಟ್ಟಿದ ಹಾಗೆ.

ಹಸಿರು ದಾರ ತರಲು ಅಂಗಡಿಗೆ ಹೊರಟರೆ ದಾರಿಯುದ್ದಕ್ಕೂ ಸ್ಕೂಟರುಗಳು ನಿಂತವು. "ಎರಡೂ ಮಾಡಿಸ್ಬೇಡ, ಅತ್ತೆ," ಎಂದ ಒಬ್ಬ. "ನಮ್ಮ ಚಿಕ್ಕಮ್ಮ ಮಾಡಿಸ್ಕೊಂಡ್ಳು. ಚಿಕ್ಕಪ್ಪನ್ನ ಸರಿಯಾಗಿ ನೋಡಿದ್ಳು, ಮಾರನೇ ದಿನ ತವರಿಗೆ ಹೋದ್ಳು." ಇನ್ನೊಬ್ಬಳು ಮೂರು ಬೆರಳು ಎತ್ತಿ ಎಷ್ಟೆಂದು ಕೇಳಿದಳು. ಮೂರು ಬೆರಳೂ ಕೊಳಕಾಗಿವೆ ಎಂದು ಮೆತುವಾ ಹೇಳಿದ್ದಕ್ಕೆ ಮುಖ ತಿರುಗಿಸಿಕೊಂಡು ಹೋದಳು.

ಅಂಗಡಿಯ ಕಿಟಕಿಯ ಗಾಜಿನೊಳಗೆ ಅವಳ ಸತ್ತ ಅಮ್ಮ ನಿಂತಿದ್ದಳು. ಅದೇ ಜೋತ ಕೆನ್ನೆ, ಅದೇ ಸಿಡುಕು. ಮೆತುವಾ ಹಿಂದೆ ಸರಿದು ಹೊರಗಿಟ್ಟಿದ್ದ ಮೊಟ್ಟೆಯ ತಟ್ಟೆಯ ಮೇಲೆ ಕೂತುಬಿಟ್ಟಳು. ಗಾಜಿನೊಳಗೆ ಅಮ್ಮನೂ ಕೂತಳು.

"ಅಕ್ಕಾ, ಕಾವು ಕೂತ್ರಾ?" ಎಂದ ಅಂಗಡಿಯವ.

ಹಿಂಬದಿ ಅಂಟಂಟಾಗಿ ಮನೆ ಸೇರುವಾಗ ಹೊತ್ತು ಇಳಿದಿತ್ತು. ಮಿರಿಯಾಮಾ ಕೀರ್ತನೆಯ ಪುಸ್ತಕ ಹಿಡಿದು ಸಾಕ್ಷಿಗೆಂದು ಜಗಲಿಯಲ್ಲಿ ಆಗಲೇ ಕೂತಿದ್ದಳು. ವೈನೆ ಮಾತ್ರ ಚಡಪಡಿಸುತ್ತ ಎದ್ದಳು.

"ಒಲೆ ಮೇಲೆ ಪಾತ್ರೆ ಇಟ್ಟಿದೀನಿ, ಬರ್ತೀನಿ." ಹೋಗುವಾಗ ಮೆತುವಾಳ ಮೊಣಕೈ ಹಿಡಿದಳು. "ಆ ಕಣ್ಣು ಹಾಗೇ ಬಿಟ್ಬಿಡೇ. ಎಲ್ಲಾನೂ ನಿಚ್ಚಳವಾಗಿ ಕಂಡು ಏನಾಗಬೇಕಾಗಿದೆ ಈ ವಯಸ್ಸಲ್ಲಿ?"

ಗಾಳಿ ನಿಂತಿತು. ಮರದ ಮೇಲೆ ಜಾಗಕ್ಕಾಗಿ ಕಚ್ಚಾಡುತ್ತಿದ್ದ ಕೋಳಿಗಳು ಒಮ್ಮೆಲೇ ಸುಮ್ಮನಾದವು. ಬಿಸಿಲು ಕಳೆದ ಗೋರಿಯ ತಗಡು ಟಿಕ್ ಟಿಕ್ ಎನ್ನತೊಡಗಿತು, ಯಾರೋ ಒಳಗಿನಿಂದ ಉಗುರಿನಲ್ಲಿ ತಟ್ಟಿದ ಹಾಗೆ. ಮೆತುವಾ ಎರಡೂ ಕಣ್ಣು ಮುಚ್ಚಿದಳು. ಆಮೇಲೆ ಬಲಗಣ್ಣೊಂದನ್ನೇ ತೆರೆದಳು.

ಅವನಿದ್ದ.

ನೀರಲ್ಲಿ ತೊಳೆದ ಹಾಗೆ ಸ್ವಚ್ಛವಾಗಿದ್ದ. ಮಣ್ಣು ಮಾಡುವ ದಿನ ಸೆಟೆದ ತೋಳಿಗೆ ಏರದೆ ಅವಳೇ ಬೆನ್ನಿನಲ್ಲಿ ಕತ್ತರಿ ಆಡಿಸಿ ತೊಡಿಸಿದ ಬಿಳಿ ಅಂಗಿ. ಆ ಸೀಳು ಅವಳೊಬ್ಬಳಿಗೇ ಗೊತ್ತು. ಸೀಳಿನೊಳಗೆ ಬೂದು ಚರ್ಮ ಮೆಲ್ಲಗೆ ಏರಿ ಇಳಿಯುತ್ತಿತ್ತು. ಸೀಳು ಕಾಣುತ್ತಿದೆ ಎಂದರೆ ಕಾಣುತ್ತಿರುವುದು ಬೆನ್ನು. ಎರಡು ವರ್ಷ ಅವಳು ಮುಖವೆಂದು ತಿಳಿದು ಸುಖ ದುಃಖ ಹೇಳಿಕೊಂಡದ್ದು ಅವನ ಬೋಳುತಲೆಯ ಹಿಂಭಾಗಕ್ಕೆ.

ಅರ್ಧ ಎತ್ತಿದ ಕೈ ಬೇಲಿಯಾಚೆಗೆ ಚಾಚಿತ್ತು. ಅಲ್ಲಿ ವೈನೆಯ ಅಡುಗೆಮನೆ. ದೀಪ ಹಚ್ಚಿರಲಿಲ್ಲ, ಒಲೆಯೂ ಉರಿಯುತ್ತಿರಲಿಲ್ಲ. ಕಿಟಕಿಯಲ್ಲಿ ತಲೆ ಬಾಚಿ, ಕಿವಿಗೆ ಹೂ ಮುಡಿದು ವೈನೆ ನಿಂತಿದ್ದಳು. ದಿನವೂ ಮಾಡುವ ಕೆಲಸದಂತೆ, ಅವಸರವಿಲ್ಲದೆ, ಅವಳೂ ಕೈ ಎತ್ತಿದಳು.

"ಏನೇ?" ಮಿರಿಯಾಮಾ ಪಿಸುಗುಟ್ಟಿದಳು. "ಇದಾನಾ?"

ಮೆತುವಾ ಬೇಲಿಯ ಕಡೆ ನೋಡಿದಳು, ಗೋರಿಯ ಕಡೆ ನೋಡಿದಳು.

"ಇಲ್ಲ," ಎಂದಳು. "ಖಾಲಿ."

"ನಾ ಬಡ್ಕೊಂಡೆ, ಪೊರೆ ಅಂತ! ದೇವರು ದೊಡ್ಡವನು. ನಾಳೆ ಬೆಳಿಗ್ಗೆ ನಾನೇ ಸ್ಕೂಟರ್ ತರ್ತೀನಿ. ಎರಡನೇದೂ ತೆಗೆಸಿ ಹಾಕೋಣ."

"ಆಗ್ಲಿ," ಎಂದಳು ಮೆತುವಾ.

ಮಿರಿಯಾಮಾ ಗಂಡನ ಮರ್ಯಾದೆ ಉಳಿದ ಖುಷಿಗೆ ಗಟ್ಟಿಯಾಗಿ ಕೀರ್ತನೆ ಹಾಡುತ್ತ, ಗೋರಿಯ ಪಕ್ಕದಲ್ಲೇ, ಅವನ ಮೊಣಕಾಲಿಗೆ ತಾಗುವ ಹಾಗೆ, ಸ್ಕೂಟರ್ ಓಡಿಸಿಕೊಂಡು ಹೋದಳು.

ಮೆತುವಾ ಗೆಡ್ಡೆಯ ಬುಟ್ಟಿ ಎಳೆದುಕೊಂಡು ಕೂತಳು. ಹೊಸ ಕಣ್ಣು ಮುಚ್ಚಿ ಹಳೆಯದನ್ನು ತೆರೆದಳು. ಬೇಲಿಯಾಚೆ ಏನೂ ಇರಲಿಲ್ಲ. ಗೋರಿಯ ಮೇಲೆ ಬೆಳ್ಳನೆಯ ಮಸುಕು, ದುಂಡನೆಯ ಮುಖ, ಒಂದು ಕೈ.

"ಕೇಳಿದ್ರಾ," ಎಂದು ಚಾಕು ಎತ್ತಿಕೊಂಡಳು, "ಇವತ್ತು ಅಂಗಡಿ ಮುಂದೆ ಏನಾಯ್ತು ಅಂದ್ರೆ..."

ಹೇಳುತ್ತಲೇ ಮನಸ್ಸಿನೊಳಗೆ ತೀರ್ಮಾನ ಮಾಡಿ ಮುಗಿಸಿದ್ದಳು. ಬೆಳಿಗ್ಗೆ ಸ್ಕೂಟರಿನ ಹಾರನ್ ಕೇಳಿದ ಕೂಡಲೇ ಜೋರು ಹೊಟ್ಟೆನೋವು ಬರಬೇಕು. ಮುಂದಿನ ವರ್ಷಕ್ಕೆ ಬೇರೆ ಯಾವುದಾದರೂ ನೋವು ನೋಡಿಕೊಂಡರಾಯಿತು.