ಯಾವ ಪಕ್ಷದ್ದೂ ಅಲ್ಲದ ಶಾಲು

ಇನ್ನೊಬ್ಬರ ಸಮಿತಿಯ ಸುದ್ದಿಯನ್ನು ಹೀಗೆ ಬರೆಯಬಾರದಿತ್ತೇನೋ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಶಿರಸಿಯ ದರ್ಜಿ ಬಾಬಾಜಾನನ ಫಜೀತಿ ಶುರುವಾದದ್ದು ಒಂದು ಶಾಲಿನಿಂದ.

ಅವನು ಮುಸ್ಲಿಂ ಹಿತರಕ್ಷಣಾ ಸಮಿತಿಯ ಕಾರ್ಯದರ್ಶಿ. ಸಮಿತಿ ಯಾವ ಪಕ್ಷಕ್ಕೂ ಸೇರಿದ್ದಲ್ಲ ಎಂದು ನಿಯಮದ ಮೊದಲ ಸಾಲಿನಲ್ಲೇ ಇತ್ತು. ಸದಸ್ಯರು ಮಾತ್ರ ಒಬ್ಬೊಬ್ಬರು ಒಂದೊಂದು ಪಕ್ಷ. ಹಾಗಾಗಿ ಎಲ್ಲರ ಕಣ್ಣೂ ಕಾರ್ಯದರ್ಶಿಯ ಮೇಲೆ. ಅಂದು ಮಧ್ಯಾಹ್ನ ಪ್ರವಾಸಿ ಮಂದಿರಕ್ಕೆ ಮಂತ್ರಿಗಳು ಬರುವವರಿದ್ದರು. ಉರ್ದು ಶಾಲೆಗೆ ಗಣಿತದ ಮಾಸ್ತರರು ಬೇಕೆಂದು ಮನವಿ ಕೊಡಬೇಕಿತ್ತು. ಬಾಬಾಜಾನನ ಮಗಳು ನಾಜಿಯಾ ಅಲ್ಲೇ ಏಳನೇ ಇಯತ್ತೆ. ಎರಡು ವರ್ಷದಿಂದ ಅವಳಿಗೆ ಲೆಕ್ಕ ಹೇಳಿಕೊಡುವವರೇ ಇರಲಿಲ್ಲ. ಬರಿಗೈಯಲ್ಲಿ ಕೊಟ್ಟ ಮನವಿಯನ್ನು ಯಾರು ಓದುತ್ತಾರೆ? ಶಾಲು ಹೊದಿಸಲೇಬೇಕು.

ಆದರೆ ಯಾವ ಬಣ್ಣದ್ದು? ಕೇಸರಿ, ಹಸಿರು, ನೀಲಿ, ಕೆಂಪು, ಒಂದೊಂದಕ್ಕೂ ಒಬ್ಬೊಬ್ಬ ವಾರಸುದಾರ. ಬನವಾಸಿ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ಬಸವರಾಜ ಹದಿನೇಳು ಶಾಲು ಬಿಚ್ಚಿ ಬೆವರೊರೆಸಿಕೊಂಡ.

"ಬಿಳೀದು ಒಯ್ರಿ ಬಾಬಾಜಾನಭಾಯ್, ಯಾರ ತಕರಾರೂ ಇರಂಗಿಲ್ಲ."

"ಬಿಳೀದು ಹೊದಿಸಿದ್ರೆ ಕಫನ್ ಅಂತಾರೆ ಮಾರಾಯ. ಮಂತ್ರಿ ಇನ್ನೂ ಬದುಕಿದ್ದಾರೆ."

ಕೊನೆಗೆ ಸಿಕ್ಕಿದ್ದು ಬೂದುಬಣ್ಣದ್ದು, ಒಲೆ ಒರೆಸಿದ ಬಟ್ಟೆಯಂಥದ್ದು. ಅದರ ಫೋಟೊವನ್ನು ಸಮಿತಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ತಪ್ಪಾಯಿತು. ಅಂಚಿನ ದಾರ ಕೇಸರಿ ಎಂದು ಒಬ್ಬ, ಹಸಿರು ಎಂದು ಇನ್ನೊಬ್ಬ. ನಲವತ್ತು ಮೆಸೇಜಿನ ಮೇಲೆ ಅಧ್ಯಕ್ಷ ಹಾಜಿ ಗಫಾರ್ ಸಾಹೇಬರೇ ಫೋನು ಮಾಡಿದರು.

"ಶಾಲೇ ಬೇಡ ಬೇಟಾ. ಮನವಿ ಕೊಟ್ಟು ಬಂದುಬಿಡು. ಯಾವ ಪಕ್ಷದ ಬಣ್ಣ ಮೈಗೆ ತಾಗಿದ್ರೂ ರಾಜೀನಾಮೆ ಬರೀಬೇಕಾಗ್ತದೆ ನೋಡು."

ಪ್ರವಾಸಿ ಮಂದಿರದಲ್ಲಿ ಉದ್ದನೆಯ ಸರದಿ. ಮುಂದಿದ್ದವರೆಲ್ಲ ಶಾಲು ಹೊದಿಸಿ ಹೋದರು. ಬಾಬಾಜಾನ್ ಮುದುಡಿಕೊಂಡು ಮನವಿ ಚಾಚಿದ. ಅವನು ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳಿಗೆ ಕನಿಕರ ಉಕ್ಕಿಬಂತು.

"ಶಾಲು ತರಲಿಲ್ಲ ಅಂತ ಸಂಕೋಚ ಯಾಕೆ? ಇವತ್ತು ನಿಮಗೇ ಸನ್ಮಾನ" ಎಂದು ತಮ್ಮ ಹೆಗಲ ಮೇಲಿದ್ದ ಪಕ್ಷದ ಶಾಲನ್ನೇ ತೆಗೆದು ಅವನಿಗೆ ಹೊದಿಸಿದರು. ಹತ್ತಾರು ಮೊಬೈಲುಗಳು ಒಟ್ಟಿಗೇ ಎದ್ದವು.

ಅವನು ಮನೆ ಮುಟ್ಟುವ ಮೊದಲೇ ಫೋಟೊ ಮುಟ್ಟಿತ್ತು. ಯಾರೋ ಅದರಡಿ ಅವನನ್ನು ಪಕ್ಷದ ಅಲ್ಪಸಂಖ್ಯಾತ ಘಟಕದ ತಾಲೂಕು ಉಪಾಧ್ಯಕ್ಷ ಮಾಡಿದ್ದರು. ಸಂಜೆಯೊಳಗೆ ಸಮಿತಿ ರಾಜೀನಾಮೆ ಬರೆಸಿಕೊಂಡಿತು. ಅದೇ ಉಪಾಧ್ಯಕ್ಷಗಿರಿಗೆ ಮೂರು ವರ್ಷದಿಂದ ಕಾದಿದ್ದ ಪಕ್ಷದವನೊಬ್ಬ ಬಾಗಿಲಿಗೇ ಬಂದು ಜಗಳ ತೆಗೆದ.

ಅವನು ಹೋದ ಮೇಲೆ ನಾಜಿಯಾ ಕೇಳಿದಳು: "ಅಬ್ಬಾ, ಮಾಸ್ತರರು ಬರ್ತಾರಾ?"

ಬಾಬಾಜಾನ್ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದ. ಶಾಲು ತೆಗೆಯುವಾಗ ಮಂತ್ರಿಗಳು ಕೈಯಲ್ಲಿದ್ದ ಮನವಿಯನ್ನು ಪಕ್ಕಕ್ಕೆ ಯಾರಿಗೋ ಕೊಟ್ಟಿದ್ದರು. ಯಾರಿಗೆಂಬುದು ಚಿತ್ರದಲ್ಲಿ ಬಂದಿಲ್ಲ. ಆ ಮನವಿ ಎಲ್ಲಿದೆಯೋ, ಇಂದಿಗೂ ಗೊತ್ತಾಗಿಲ್ಲ.